ಕೊಳ್ಳುವವರ ಮನಸ್ಸೂ ನಾಡಿನ ಸಿರಿಯೂ

ಸಂಸಾರವು ಹಣದಿಂದ ನಡೆಯುವುದೆಂಬುದು ಲೋಕರೂಢಿಯ ಮಾತು. ವಿಚಾರಮಾಡಿ ನೋಡಿದರೆ ಹಣಕ್ಕಿಂತಲೂ ಒಂದು ಹೆಜ್ಜೆ ಮುಂದೆ ನಡೆಯುವ ವಸ್ತುವೊಂದುಂಟು, ಅದು ಭರವಸೆ. ಕೈಯಲ್ಲಿ ಹಣವಿದ್ದೂ ನಾಳೆಯ ವಿಷಯದಲ್ಲಿ ಧೈರ್ಯವಿಲ್ಲದವನು ಹಬ್ಬಕ್ಕೆ ಹೊಸಬಟ್ಟೆ ಕೊಳ್ಳಲು ಹಿಂದೆಗೆಯುವನು. ಕೈ ಬರಿದಾಗಿದ್ದರೂ ಈ ಸಲ ಬೆಳೆ ಬಂದೇ ಬರುವುದೆಂದು ನಂಬಿದವನು ಉದ್ದರಿಯ ಮೇಲೆ ಮಗಳ ಮದುವೆಯನ್ನೇ ಮುಗಿಸಿಬಿಡುವನು. ಒಬ್ಬಿಬ್ಬರ ಮಟ್ಟಿಗೆ ಇದು ಅವರವರ ಸ್ವಭಾವವೆನ್ನಬಹುದು. ಆದರೆ ಊರಿಗೆ ಊರೇ ಹೀಗೆ ಧೈರ್ಯಗೊಂಡರೆ, ಅಥವಾ ಊರಿಗೆ ಊರೇ ಅಂಜಿದರೆ, ಅದರ ಫಲವು ಪೇಟೆಯ ಮೇಲೆಯೂ ಕೂಲಿಯ ಮೇಲೆಯೂ ಕೊನೆಗೆ ನಾಡಿನ ಸಿರಿಯ ಮೇಲೆಯೂ ಬೀಳದೆ ಇರದು.

ಹಂಪೆಗೆ ಹೋದವರೆಲ್ಲರೂ ವಿರೂಪಾಕ್ಷಸ್ವಾಮಿಯ ಗುಡಿಯ ಎದುರಿನ ಉದ್ದನೆಯ ಬೀದಿಯನ್ನು ನೋಡಿರುವರು. ಕೃಷ್ಣನ ಗುಡಿಯ ಮುಂದೆಯೂ ವಿಠ್ಠಲನ ಗುಡಿಯ ಮುಂದೆಯೂ ಅಂಥವೇ ಕಲ್ಲುಕಂಬದ ಸಾಲುಗಳಿವೆ. ಇವು ಒಂದು ಕಾಲಕ್ಕೆ ತುಂಬಿ ತುಳುಕುತ್ತಿದ್ದ ಪೇಟೆಗಳು. ೧೫೨೦ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದ ಪೋರ್ಚುಗೀಸ್ ಪ್ರವಾಸಿಯಾದ ಡೊಮಿಂಗೊ ಪಾಯೆಸನು ಇಲ್ಲಿನ ರತ್ನ, ಮುತ್ತು, ಧಾನ್ಯಗಳ ಸಮೃದ್ಧಿಯನ್ನು ಕಂಡು ಬೆರಗಾಗಿ ಬರೆದಿಟ್ಟಿರುವನು. ದೂರದೇಶದ ವರ್ತಕನು ಕಡಲು ದಾಟಿ ಸರಕನ್ನು ತರಬೇಕಾದರೆ ಕೊಳ್ಳುವವರಿದ್ದಾರೆಂಬ ನಂಬಿಕೆ ಅವನಿಗೆ ಇರಲೇಬೇಕು. ೧೫೬೫ರ ಯುದ್ಧದಲ್ಲಿ ಸೋತ ಮೇಲೆ ರಾಜಧಾನಿಯೊಂದಿಗೆ ಆ ನಂಬಿಕೆಯೂ ಹಾಳಾಯಿತು. ಕಂಬಗಳು ಉಳಿದವು, ಪೇಟೆ ಉಳಿಯಲಿಲ್ಲ.

ಹೀಗೆ ಕಣ್ಣಿಗೆ ಕಾಣದ ಭರವಸೆಯನ್ನು ಅಳೆಯುವುದು ಸಾಧ್ಯವೇ? ಸಾಧ್ಯವೆಂದು ಮೊದಲಿಗೆ ಕಾರ್ಯತಃ ತೋರಿಸಿದವನು ಜಾರ್ಜ್ ಕಟೋನ ಎಂಬ ವಿದ್ವಾಂಸನು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಈತನು ಮನಶ್ಶಾಸ್ತ್ರವನ್ನು ಬಲ್ಲವನಾಗಿದ್ದನು. ಎರಡನೆಯ ಮಹಾಯುದ್ಧವು ಮುಗಿದಾಗ, ಸೈನ್ಯದ ಕೆಲಸಗಳು ನಿಂತುಹೋಗಿ ದೇಶದಲ್ಲಿ ಮತ್ತೆ ವ್ಯಾಪಾರ ಕುಗ್ಗುವುದೆಂದು ಅನೇಕ ಅರ್ಥಶಾಸ್ತ್ರಜ್ಞರು ಭಯಪಟ್ಟಿದ್ದರು. ಕಟೋನನು ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡು ೧೯೪೬ರಿಂದ ಮನೆಮನೆಯವರ ಅಭಿಪ್ರಾಯವನ್ನೇ ಕೇಳಿಸತೊಡಗಿದನು. ಜನರು ಯುದ್ಧಕಾಲದಲ್ಲಿ ಕೂಡಿಟ್ಟ ಹಣವನ್ನು ಮನೆ, ಮೋಟಾರು, ಪಾತ್ರೆಪದಾರ್ಥಗಳಿಗೆ ಖರ್ಚುಮಾಡಲು ಸಿದ್ಧರಾಗಿರುವರೆಂದು ಅವನಿಗೆ ತಿಳಿದುಬಂದಿತು. ಆಮೇಲೆ ನಡೆದುದೂ ಹಾಗೆಯೇ. ವರಮಾನವು ಕೊಳ್ಳುವ ಶಕ್ತಿಯನ್ನು ಕೊಡುವುದು. ಕೊಳ್ಳುವ ಇಚ್ಛೆಯನ್ನು ಕೊಡುವುದು ಮನಸ್ಸು. ಎರಡೂ ಕೂಡಿದರೆ ಮಾತ್ರ ವ್ಯಾಪಾರ ಎಂಬುದು ಅವನ ಸಿದ್ಧಾಂತದ ತಿರುಳು.

ನಮ್ಮ ದೇಶದಲ್ಲಿ ಈ ಕೆಲಸವನ್ನು ರಿಜರ್ವ್ ಬ್ಯಾಂಕು ೨೦೧೦ರಿಂದ ನಡೆಸುತ್ತ ಬಂದಿದೆ. ಮೊದಲು ೬ ಮಹಾನಗರಗಳಲ್ಲಿ ಆರಂಭವಾದ ಸಮೀಕ್ಷೆಯು ಕ್ರಮೇಣ ೧೯ ನಗರಗಳಿಗೆ ಹಬ್ಬಿತು. ಎರಡು ತಿಂಗಳಿಗೊಮ್ಮೆ ಸುಮಾರು ೬,೦೦೦ ಮಂದಿ ಗೃಹಸ್ಥರನ್ನು ಕಂಡು ಐದು ವಿಷಯಗಳನ್ನು ಕೇಳುವರು: ದೇಶದ ಒಟ್ಟು ಆರ್ಥಿಕ ಸ್ಥಿತಿ, ಕೆಲಸದ ಅನುಕೂಲ, ಪದಾರ್ಥಗಳ ಬೆಲೆ, ಮನೆಯ ವರಮಾನ, ಮನೆಯ ಖರ್ಚು. ಪ್ರತಿಯೊಂದನ್ನೂ ಎರಡು ಬಗೆಯಲ್ಲಿ ಕೇಳುವರು. ಕಳೆದ ವರುಷಕ್ಕಿಂತ ಈಗ ಹೇಗಿದೆ ಎಂಬುದು ಒಂದು. ಬರುವ ವರುಷ ಹೇಗಿರಬಹುದು ಎಂಬುದು ಇನ್ನೊಂದು. ಮೊದಲನೆಯ ಉತ್ತರಗಳಿಂದ ಸದ್ಯಃಸ್ಥಿತಿಯ ಸೂಚ್ಯಂಕವೂ ಎರಡನೆಯವುಗಳಿಂದ ಮುಂದಿನ ನಿರೀಕ್ಷೆಯ ಸೂಚ್ಯಂಕವೂ ಹೊರಡುವುವು.

ಸೂಚ್ಯಂಕವೆಂದೊಡನೆ ಹೆದರಬೇಕಾದುದಿಲ್ಲ, ಕೂಡುವುದು ಕಳೆಯುವುದು ಬಲ್ಲವರಿಗೆ ಇದು ಸುಲಭವೇ ಸರಿ. ನೂರು ಮನೆಗಳವರನ್ನು ಕೇಳಿದರೆಂದು ಭಾವಿಸೋಣ. ದೇಶದ ಸ್ಥಿತಿ ಉತ್ತಮವಾಗಿದೆಯೆಂದು ೩೮ ಮಂದಿ, ಕೆಟ್ಟಿದೆಯೆಂದು ೩೩ ಮಂದಿ ಹೇಳಿದರು. ಮಿಕ್ಕ ೨೯ ಮಂದಿ ವ್ಯತ್ಯಾಸವಿಲ್ಲವೆಂದರು. ೩೮ರಲ್ಲಿ ೩೩ನ್ನು ಕಳೆದರೆ ೫ ಉಳಿಯಿತು. ಕೆಲಸದ ವಿಷಯದಲ್ಲಿ ಹೀಗೆಯೇ ಲೆಕ್ಕಹಾಕಿದಾಗ ೫ ಕೊರೆಬಿದ್ದಿತು. ಬೆಲೆ ಏರಿತೆಂಬುದು ಕೊಳ್ಳುವವನಿಗೆ ಕಷ್ಟದ ಮಾತಾದುದರಿಂದ ಅದನ್ನು ಕೊರೆಯ ಕಡೆಗೆ ಎಣಿಸುವರು. ಅಲ್ಲಿ ೯೦ ಕೊರೆಯಾಯಿತು. ವರಮಾನದಲ್ಲಿ ೫ ಮಿಕ್ಕಿತು, ಖರ್ಚಿನಲ್ಲಿ ೭೫ ಮಿಕ್ಕಿತು. ಐದನ್ನೂ ಕೂಡಿಸಿದರೆ ಒಟ್ಟು ೧೦ ಕೊರೆ. ಐದರಿಂದ ಭಾಗಿಸಿದರೆ ೨ ಕೊರೆ. ಇದನ್ನು ೧೦೦ರಲ್ಲಿ ಕಳೆದಾಗ ೯೮ ಎಂಬ ಅಂಕವು ಬರುವುದು. ೧೦೦ ಎಂಬುದು ತಕ್ಕಡಿಯ ಮುಳ್ಳು ನೆಟ್ಟಗಿರುವ ಸ್ಥಾನ. ಅದಕ್ಕಿಂತ ಮೇಲಾದರೆ ಧೈರ್ಯದವರು ಹೆಚ್ಚು; ಕೆಳಗಾದರೆ ಅಂಜಿದವರು ಹೆಚ್ಚು. ಅಂಕವು ಸೊನ್ನೆಗಿಂತ ಕೆಳಗೆ ಇಳಿಯಲಾರದು, ೨೦೦ನ್ನು ಮೀರಲಾರದು.

ಈ ಮುಳ್ಳು ಕಳೆದ ಕೆಲವು ವರುಷಗಳಲ್ಲಿ ಎತ್ತೆತ್ತ ಓಲಾಡಿತೆಂಬುದನ್ನು ನೋಡಿದರೆ ನಾಡಿನ ಕಷ್ಟಸುಖಗಳ ಕಥೆಯೇ ಕಾಣುವುದು. ೨೦೧೯ರ ಮಾರ್ಚಿಯಲ್ಲಿ ಸದ್ಯಃಸ್ಥಿತಿಯ ಅಂಕವು ೧೦೦ರ ಮೇಲಿದ್ದಿತು. ಆ ವರುಷವೇ ಇಳಿಯತೊಡಗಿ, ಕೊರೋನಾ ರೋಗವು ಬಂದಮೇಲೆ ಪಾತಾಳವನ್ನು ಕಂಡಿತು. ರೋಗದ ಎರಡನೆಯ ಅಲೆಯು ಎದ್ದಿದ್ದ ೨೦೨೧ರ ಮೇ ತಿಂಗಳಲ್ಲಿ ಅದು ೪೮.೫ಕ್ಕೆ ಬಿದ್ದಿತು, ಸಮೀಕ್ಷೆಯು ಆರಂಭವಾದಂದಿನಿಂದ ಅಷ್ಟು ಕೆಳಗೆ ಅದು ಎಂದೂ ಇಳಿದಿರಲಿಲ್ಲ. ಆ ದಿನಗಳಲ್ಲಿ ಹಂಪೆಯ ಸ್ಮಾರಕಗಳ ಬಾಗಿಲುಗಳು ಎರಡನೆಯ ಸಲ ಮುಚ್ಚಿದ್ದವೆಂಬುದನ್ನು ಇಲ್ಲಿಯವರು ಮರೆತಿರಲಾರರು. ಯಾತ್ರಿಕರಿಲ್ಲದೆ ಮಾರ್ಗದರ್ಶಿಗೂ ಆಟೋ ಓಡಿಸುವವನಿಗೂ ಹೂವುಕಾಯಿ ಮಾರುವವಳಿಗೂ ಒಂದೇ ಬಗೆಯ ಉಪವಾಸ. ಆಮೇಲೆ ಅಂಕವು ಮೆಲ್ಲಮೆಲ್ಲನೆ ಮೇಲೇರಿ ೨೦೨೪ರ ಮಾರ್ಚಿಯಲ್ಲಿ ೯೮.೫ನ್ನು ಮುಟ್ಟಿತು. ಬೀಳುವುದಕ್ಕೆ ಕೆಲವು ತಿಂಗಳು ಸಾಕಾದವು. ಏಳುವುದಕ್ಕೆ ಸುಮಾರು ಮೂರು ವರುಷ ಬೇಕಾಯಿತು.

ಇನ್ನೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಅದೇ ೨೦೨೪ರ ಮಾರ್ಚಿಯಲ್ಲಿ ಮುಂದಿನ ನಿರೀಕ್ಷೆಯ ಅಂಕವು ೧೨೫.೨ ಇದ್ದಿತು. ಈ ವರುಷ ಸಾಲದೆಂದವರೇ ಬರುವ ವರುಷ ಒಳ್ಳೆಯದೆಂದು ಹೇಳಿದರು. ಇದು ಒಂದು ಸುತ್ತಿನ ಮಾತಲ್ಲ. ನಿರೀಕ್ಷೆಯ ಅಂಕವು ಸದ್ಯಃಸ್ಥಿತಿಯ ಅಂಕಕ್ಕಿಂತ ಮೇಲಿರುವುದೇ ವಾಡಿಕೆ. ಮನುಷ್ಯನು ಇಂದಿನ ಕಷ್ಟವನ್ನು ನಾಳೆಯ ಆಸೆಯಿಂದ ಸಹಿಸುವನಷ್ಟೆ. ಆದುದರಿಂದ ನಿರೀಕ್ಷೆಯ ಅಂಕವು ಎತ್ತರದಲ್ಲಿದೆಯೆಂದು ಕೇಳಿದೊಡನೆಯೇ ಹಿಗ್ಗಬಾರದು. ೨೦೨೧ರ ಮೇ ತಿಂಗಳಲ್ಲಿ ಆದಂತೆ ಆ ಅಂಕವೂ ೧೦೦ರ ಕೆಳಗೆ ಇಳಿದರೆ, ಜನರು ಆಸೆಯನ್ನೇ ಬಿಡುತ್ತಿರುವರೆಂದು ತಿಳಿದು ಎಚ್ಚರಗೊಳ್ಳಬೇಕು.

ಇಷ್ಟು ಶ್ರಮಪಟ್ಟು ಜನರ ಮನಸ್ಸನ್ನು ತಿಳಿಯುವುದರಿಂದ ಪ್ರಯೋಜನವೇನು? ನಮ್ಮ ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ಸುಮಾರು ೬೦ ಪಾಲು ಮನೆಮನೆಯವರು ಕೊಂಡು ಬಳಸುವುದರಿಂದಲೇ ಆಗುವುದು. ಅಕ್ಕಿಬೇಳೆಯ ಖರ್ಚನ್ನು ಯಾರೂ ಮುಂದಕ್ಕೆ ಹಾಕಲಾರರು. ಆದರೆ ಬೈಕು, ಫ್ರಿಜ್ಜು, ಒಡವೆ, ಮನೆಯ ಮೇಲಿನ ಇನ್ನೊಂದು ಅಂತಸ್ತು ಇವುಗಳನ್ನು ಮುಂದೂಡಬಹುದು. ಹತ್ತು ಮನೆಯವರು ಒಂದೇ ತಿಂಗಳಲ್ಲಿ ಮುಂದೂಡಿದರೆ ಅಂಗಡಿಯಲ್ಲಿ ಒಬ್ಬ ಆಳು ಕಡಮೆಯಾಗುವನು. ಗಾರೆಕೆಲಸದವನಿಗೆ ಒಂದು ವಾರದ ಕೂಲಿ ತಪ್ಪುವುದು. ಆ ಆಳೂ ಆ ಗಾರೆಯವನೂ ತಮ್ಮ ಮನೆಯ ಖರ್ಚನ್ನು ಬಿಗಿಹಿಡಿಯುವರು. ಹೀಗೆ ಅಂಜಿಕೆಯು ಅಂಜಿಕೆಯನ್ನು ಹಡೆಯುವುದು. ಇದರ ಸುಳಿವು ಮೊದಲೇ ಸಿಕ್ಕಿದರೆ ಆಳುವವರು ತಕ್ಕ ಉಪಾಯವನ್ನು ಮಾಡಬಹುದು. ಬಡ್ಡಿಯ ದರವನ್ನು ಗೊತ್ತುಮಾಡುವ ಆರು ಮಂದಿಯ ಸಮಿತಿಯೊಂದು ೨೦೧೬ರಿಂದ ರಿಜರ್ವ್ ಬ್ಯಾಂಕಿನಲ್ಲಿ ಕೆಲಸಮಾಡುತ್ತಿದೆ. ಅದು ಕೂಡಿದಾಗಲೆಲ್ಲ ಈ ಸಮೀಕ್ಷೆಯೂ ಅದರ ಮುಂದಿರುವುದು. ಬೀದಿಯ ಕೊನೆಯ ಮನೆಯ ಸಾಲದ ಕಂತು ಏರುವುದೂ ಇಳಿಯುವುದೂ ಆ ಸಮಿತಿಯ ತೀರ್ಮಾನವನ್ನು ಅನುಸರಿಸಿಯೇ.

ಹಾಗೆಂದು ಈ ಅಂಕಗಳನ್ನು ವೇದವಾಕ್ಯವೆಂದು ನಂಬುವುದೂ ಸರಿಯಲ್ಲ. ಮೇಲಿನ ಲೆಕ್ಕದಲ್ಲಿ ಖರ್ಚು ಹೆಚ್ಚಿತೆಂಬುದನ್ನು ಒಳ್ಳೆಯ ಗುರುತಾಗಿ ಎಣಿಸಿದುದನ್ನು ವಾಚಕರು ಕಂಡಿರಬಹುದು. ಎಣ್ಣೆ, ಬೇಳೆ, ಶಾಲೆಯ ಫೀಜು ಇವು ತುಟ್ಟಿಯಾದುದರಿಂದ ಖರ್ಚು ಹೆಚ್ಚಿದ ಗೃಹಿಣಿಯು, ಹೆಚ್ಚಿತೆಂದೇ ಉತ್ತರ ಹೇಳುವಳು. ಅದು ಸಂತೋಷದ ಖರ್ಚಲ್ಲ. ಈ ಕಾರಣದಿಂದಲೇ ಅವಶ್ಯಕವಾದ ಖರ್ಚನ್ನೂ ಅವಶ್ಯಕವಲ್ಲದ ಖರ್ಚನ್ನೂ ಸಮೀಕ್ಷೆಯಲ್ಲಿ ಬೇರೆಬೇರೆಯಾಗಿ ಕೇಳುವುದುಂಟು. ತಿಳಿದವರು ಎರಡನೆಯದನ್ನೇ ಹೆಚ್ಚಾಗಿ ನೋಡುವರು. ಅಲ್ಲದೆ ಜನರು ಹೇಳುವುದೊಂದು, ಮಾಡುವುದೊಂದು ಆಗಬಹುದು. ೨೦೨೨ರ ಜೂನಿನಲ್ಲಿ ಮಿಚಿಗನ್ನಿನ ಅಂಕವು ೫೦ಕ್ಕೆ ಇಳಿಯಿತು. ಅಲ್ಲಿಯವರೆಗಿನ ಇತಿಹಾಸದಲ್ಲಿ ಅದೇ ಅತ್ಯಂತ ಕೆಳಗಿನದು. ಆದರೆ ಆಗ ಅಮೆರಿಕದಲ್ಲಿ ಕೆಲಸವಿಲ್ಲದವರು ನೂರಕ್ಕೆ ನಾಲ್ವರೂ ಇರಲಿಲ್ಲ. ಬೆಲೆಯೇರಿಕೆಯ ಸಿಟ್ಟು ಉತ್ತರದಲ್ಲಿ ಕಂಡಿತೇ ಹೊರತು, ವ್ಯಾಪಾರವು ಆ ಪ್ರಮಾಣದಲ್ಲಿ ಕುಸಿಯಲಿಲ್ಲ.

ನಮ್ಮ ಹೊಸಪೇಟೆಯ ಸೀಮೆಯವರಿಗೆ ಸಂಬಂಧಿಸಿದ ಕೊರತೆಯೊಂದು ಇನ್ನೂ ದೊಡ್ಡದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಸಾಕೆಂಬ ಮಾತು ನಿಜವೇ. ಆದರೆ ಆ ಅಗುಳು ಅದೇ ಪಾತ್ರೆಯ ಅನ್ನಕ್ಕೆ ಸಾಕ್ಷಿಯಾಗುವುದಲ್ಲದೆ ಪಕ್ಕದ ಒಲೆಯ ಪಾತ್ರೆಗೆ ಆಗದು. ೧೯ ನಗರಗಳಲ್ಲಿ ಕರ್ನಾಟಕದಿಂದ ಸೇರಿರುವುದು ಬೆಂಗಳೂರೊಂದೇ. ಬೆಂಗಳೂರಿನಿಂದ ಹೊಸಪೇಟೆಗೆ ೩೦೦ ಕಿಲೋಮೀಟರಿಗೂ ಹೆಚ್ಚಿನ ದಾರಿ. ಬದುಕಿನ ರೀತಿಯಲ್ಲಿ ಅಂತರವು ಅದಕ್ಕಿಂತ ಹೆಚ್ಚು. ಕಂಪ್ಯೂಟರಿನ ಕಚೇರಿಯಲ್ಲಿ ತಿಂಗಳ ಸಂಬಳ ಪಡೆಯುವವನ ಧೈರ್ಯಕ್ಕೂ ಕಂಪ್ಲಿಯ ಭತ್ತದ ಒಕ್ಕಲಿನ ಧೈರ್ಯಕ್ಕೂ ಬೇರು ಒಂದೇ ಅಲ್ಲ. ಹಳ್ಳಿಗಳ ಮತ್ತು ಸಣ್ಣ ಪಟ್ಟಣಗಳ ಜನರನ್ನು ಕೇಳಿದ ಸಮೀಕ್ಷೆಯ ಫಲಿತಗಳನ್ನೂ ರಿಜರ್ವ್ ಬ್ಯಾಂಕು ೨೦೨೫ರಿಂದ ಪ್ರಕಟಿಸತೊಡಗಿದೆ. ಇದು ಸ್ವಾಗತಾರ್ಹವಾದ ಕೆಲಸ. ಆದರೂ ಇಡೀ ದೇಶದ ಸರಾಸರಿಯಲ್ಲಿ ನಮ್ಮ ನಾಲ್ಕು ಊರುಗಳ ದನಿಯನ್ನು ಬೇರೆಯಾಗಿ ಕೇಳುವುದು ಆಗದ ಮಾತು.

ಈ ನಾಲ್ಕು ಊರುಗಳಾದರೂ ಒಂದೇ ದನಿಯಲ್ಲಿ ಮಾತಾಡುವುವೇ? ಒಂದಕ್ಕೊಂದು ಗಂಟೆಯ ದಾರಿಯೊಳಗಿದ್ದರೂ ಇವುಗಳ ಜೀವನಾಧಾರಗಳು ಬೇರೆಬೇರೆ. ಕಂಪ್ಲಿಗೆ ತುಂಗಭದ್ರೆಯ ನೀರು, ಭತ್ತ, ಕಬ್ಬು, ಬಾಳೆ, ಹಂಪೆಗೆ ಯಾತ್ರಿಕರು, ಸಂಡೂರಿಗೆ ಬೆಟ್ಟದ ಅದಿರು, ಹೊಸಪೇಟೆಗೆ ಇವೆಲ್ಲದರ ವ್ಯಾಪಾರ ಸಾಗಣೆಗಳು, ೨೦೨೧ರಲ್ಲಿ ವಿಜಯನಗರ ಜಿಲ್ಲೆಯ ಮುಖ್ಯಪಟ್ಟಣವಾದಮೇಲೆ ಸರಕಾರಿ ಕಚೇರಿಗಳು. ಆದುದರಿಂದ ಒಂದೂರಿನಲ್ಲಿ ಹಬ್ಬವಿದ್ದಾಗ ಪಕ್ಕದೂರಿನಲ್ಲಿ ಅಂಜಿಕೆಯಿರಬಹುದು.

ಅಣೆಕಟ್ಟಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ೩೩ ಬಾಗಿಲುಗಳಲ್ಲಿ ೧೯ನೆಯದರ ಸರಪಣಿ ಕಡಿದು ಬಾಗಿಲೇ ಕೊಚ್ಚಿಹೋಯಿತು. ತುಂಬಿದ ಜಲಾಶಯವು ಕಣ್ಣೆದುರಿಗೆ ಹರಿದುಹೋಗತೊಡಗಿತು. ಆ ವಾರದಲ್ಲಿ ಯಾರಾದರೂ ಬಂದು ಕಂಪ್ಲಿಯ ಒಕ್ಕಲಿಗನೊಬ್ಬನನ್ನು ಬರುವ ವರುಷ ಹೇಗೆಂದು ಕೇಳಿದ್ದರೆ ಅವನು ಏನು ಹೇಳುತ್ತಿದ್ದನು? ನಾಟಿಯಾದ ಪೈರಿಗೆ ನೀರು ಸಿಕ್ಕೀತೇ ಎಂಬ ಚಿಂತೆಯಲ್ಲಿ ಅವನಿಗೆ ಬರುವ ವರುಷವೇ ಕಾಣುತ್ತಿರಲಿಲ್ಲ. ಒಂದು ವಾರದ ಒಳಗಾಗಿ ಎಂಜಿನಿಯರುಗಳೂ ಕೆಲಸಗಾರರೂ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಬಾಗಿಲನ್ನು ಇಳಿಸಿ ಕಂಡಿಯನ್ನು ಮುಚ್ಚಿದರು. ಮಳೆಯೂ ಕೈಬಿಡಲಿಲ್ಲ, ಆ ಮಳೆಗಾಲದಲ್ಲಿಯೇ ಜಲಾಶಯವು ಮತ್ತೆ ತುಂಬಿತು. ಅದೇ ಒಕ್ಕಲಿಗನನ್ನು ದೀಪಾವಳಿಯ ಹೊತ್ತಿಗೆ ಕೇಳಿದ್ದರೆ ಉತ್ತರವು ಬೇರೆಯಾಗಿರುತ್ತಿತ್ತು. ಮನಸ್ಸಿನ ಅಳತೆಯಲ್ಲಿ ಯಾರನ್ನು ಕೇಳಿದರೆಂಬುದರಷ್ಟೇ ಯಾವಾಗ ಕೇಳಿದರೆಂಬುದೂ ಮುಖ್ಯವೆಂದು ಇದರಿಂದ ತಿಳಿಯುವುದು.

ಸಂಡೂರಿನ ಕಥೆಯು ಇದಕ್ಕೆ ವಿರುದ್ಧವಾದ ಪಾಠವನ್ನು ಕಲಿಸುವುದು. ಅಂಜಿಕೆಯಂತೆ ಅತಿಯಾದ ಧೈರ್ಯವೂ ಮನೆಗಳನ್ನು ಕೆಡಿಸಬಲ್ಲದು. ಈ ಶತಮಾನದ ಮೊದಲ ವರುಷಗಳಲ್ಲಿ ಚೀನಾ ದೇಶಕ್ಕೆ ಉಕ್ಕು ಬೇಕಾಗಿ ಕಬ್ಬಿಣದ ಅದಿರಿನ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಸಂಡೂರಿನಿಂದಲೂ ಹೊಸಪೇಟೆಯಿಂದಲೂ ಲಾರಿಗಳ ಸಾಲುಗಳು ಹಗಲಿರುಳು ಬಂದರುಗಳ ಕಡೆಗೆ ಹೊರಟವು. ಹೊಲವನ್ನು ಒತ್ತೆಯಿಟ್ಟು ಲಾರಿ ಕೊಂಡವರಿದ್ದರು. ಒಂದು ಲಾರಿಯ ಕಂತು ತೀರುವ ಮೊದಲೇ ಇನ್ನೊಂದನ್ನು ತಂದವರಿದ್ದರು. ಆಗ ಯಾರಾದರೂ ಭರವಸೆಯನ್ನು ಅಳೆದಿದ್ದರೆ ಅಂಕವು ಆಕಾಶವನ್ನೇ ಮುಟ್ಟುತ್ತಿತ್ತು. ಆದರೆ ಆ ಸಿರಿಯಲ್ಲಿ ಅಕ್ರಮದ ಪಾಲು ದೊಡ್ಡದಾಗಿದ್ದಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ವರದಿಯು ಹೊರಬಿದ್ದ ೨೦೧೧ರ ಜುಲೈ ತಿಂಗಳಲ್ಲಿಯೇ, ೨೯ನೆಯ ತಾರೀಖಿನಂದು, ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಬೆಟ್ಟಕ್ಕೂ ಕಾಡಿಗೂ ಅದು ಬೇಕಾಗಿದ್ದ ತೀರ್ಪೇ. ಆದರೆ ನಿಂತ ಲಾರಿಗೂ ಕಂತು ತಪ್ಪಲಿಲ್ಲ. ಗ್ಯಾರೇಜು, ಟಯರಿನ ಅಂಗಡಿ, ದಾರಿಬದಿಯ ಊಟದ ಹೋಟೆಲು ಎಲ್ಲವೂ ಒಟ್ಟಿಗೆ ಮಂಕಾದವು. ೨೦೧೩ರ ಏಪ್ರಿಲಿನಲ್ಲಿ ನ್ಯಾಯಾಲಯವು ನಿಯಮಗಳ ಕಟ್ಟಿನಲ್ಲಿ ಗಣಿಗಳಿಗೆ ಅಪ್ಪಣೆ ಕೊಟ್ಟು, ಜಿಲ್ಲೆಯಲ್ಲಿ ವರುಷಕ್ಕೆ ೨.೫ ಕೋಟಿ ಟನ್ನುಗಳೆಂಬ ಮಿತಿಯನ್ನು ಗೊತ್ತುಮಾಡಿತು. ೨೦೨೨ರಲ್ಲಿ ಆ ಮಿತಿಯು ೩.೫ ಕೋಟಿಗೆ ಏರಿತು. ಗಣಿಗಳು ಮತ್ತೆ ತೆರೆದವು ನಿಜ. ನಡುವಣ ವರುಷಗಳಲ್ಲಿ ಲಾರಿಯನ್ನೂ ಹೊಲವನ್ನೂ ಕಳೆದುಕೊಂಡವರಿಗೆ ಅವು ಹಿಂದಿರುಗಿ ಬರಲಿಲ್ಲ.

ಇದರಿಂದ ಗೃಹಸ್ಥರು ತಿಳಿಯತಕ್ಕದ್ದೇನು? ಸಮೀಕ್ಷೆಯು ನೆರೆಹೊರೆಯವರ ಮನಸ್ಸನ್ನು ಹೇಳುವುದಲ್ಲದೆ ನಮ್ಮ ಮನೆಯ ಲೆಕ್ಕವನ್ನು ಹೇಳದು. ಎಲ್ಲರೂ ಧೈರ್ಯಗೊಂಡಿರುವರೆಂಬುದು ನಾವು ಸಾಲಮಾಡಲು ಸಾಕಾದ ಕಾರಣವಲ್ಲ. ಎಲ್ಲರೂ ಅಂಜಿರುವರೆಂಬುದು ಮಕ್ಕಳ ಓದನ್ನೋ ಮನೆಯ ರಿಪೇರಿಯನ್ನೋ ನಿಲ್ಲಿಸಲು ಸಾಕಾದ ಕಾರಣವೂ ಅಲ್ಲ. ಪತ್ರಿಕೆಯಲ್ಲಿ ಅಂಕವನ್ನು ಕಂಡಾಗ ಒಂದೇ ಸುತ್ತಿನ ಏರಿಳಿತವನ್ನು ನೋಡದೆ, ಮೂರು ನಾಲ್ಕು ಸುತ್ತುಗಳಲ್ಲಿ ಅದು ಯಾವ ದಿಕ್ಕಿಗೆ ನಡೆಯಿತೆಂಬುದನ್ನು ನೋಡಬೇಕು. ಒಟ್ಟು ಅಂಕಕ್ಕಿಂತ ಕೆಲಸ ಮತ್ತು ವರಮಾನಗಳ ಉತ್ತರವನ್ನು ಹೆಚ್ಚಾಗಿ ಗಮನಿಸಬೇಕು. ಸದ್ಯಃಸ್ಥಿತಿಯು ಇಳಿಯುತ್ತಿದ್ದು ನಿರೀಕ್ಷೆ ಮಾತ್ರ ಏರುತ್ತಿದ್ದರೆ, ಜನರು ಆಸೆಯ ಮೇಲೆ ಬದುಕುತ್ತಿರುವರೆಂದು ಅರ್ಥಮಾಡಿಕೊಳ್ಳಬೇಕು.

ನಮ್ಮ ಸೀಮೆಯ ಸ್ಥಿತಿಯನ್ನು ಹೇಳುವ ಗುರುತುಗಳು ನಮ್ಮ ಸುತ್ತಲೇ ಇವೆ. ಮಳೆಗಾಲದಲ್ಲಿ ಜಲಾಶಯದ ಮಟ್ಟ, ಕಾಲುವೆಗೆ ನೀರು ಬಿಡುವ ತಾರೀಖು, ಕಿರಾಣಿ ಅಂಗಡಿಯ ಉದ್ದರಿಯ ಪುಸ್ತಕ ದಪ್ಪವಾಗುತ್ತಿದೆಯೋ ತೆಳ್ಳಗಾಗುತ್ತಿದೆಯೋ ಎಂಬುದು, ಸರಾಫರಲ್ಲಿ ಒಡವೆ ಕೊಳ್ಳುವವರು ಹೆಚ್ಚೋ ಅಡವಿಡುವವರು ಹೆಚ್ಚೋ ಎಂಬುದು, ಸಂಡೂರಿನ ದಾರಿಯಲ್ಲಿ ಲಾರಿಗಳ ಓಡಾಟ, ಹಂಪೆಯಲ್ಲಿ ರಜೆಯ ದಿನಗಳ ಜನಸಂದಣಿ. ಇವನ್ನು ಕಣ್ತೆರೆದು ನೋಡುವ ಗೃಹಿಣಿಯು ಎರಡು ತಿಂಗಳ ಸಮೀಕ್ಷೆಗಾಗಿ ಕಾಯಬೇಕಾದುದಿಲ್ಲ. ಇಂಥ ಗುರುತುಗಳಿಗೂ ದೇಶದ ಅಂಕಕ್ಕೂ ಹೊಂದಿಕೆಯಾಗದಿದ್ದರೆ, ನಮ್ಮ ಮನೆಯ ಖರ್ಚಿನ ಮಟ್ಟಿಗೆ ಊರಿನ ಗುರುತನ್ನೇ ನಂಬುವುದು ಲೇಸು.

ಯಾರಾದರೂ ನಿಜವಾದ ಸಮೀಕ್ಷೆಯವರು ಬಾಗಿಲಿಗೆ ಬಂದರೆ, ಮನೆಯ ಮಾನಕ್ಕೆ ಕುಂದೆಂದು ಕಷ್ಟವನ್ನು ಮರೆಮಾಚದೆಯೂ, ಏನಾದರೂ ಸಿಕ್ಕೀತೆಂದು ಬಡತನವನ್ನು ಹೆಚ್ಚಿಸಿ ಹೇಳದೆಯೂ, ಇದ್ದುದನ್ನು ಇದ್ದಂತೆ ಹೇಳುವುದು ಒಂದು ಲೋಕೋಪಕಾರ. ಅವರು ಕೇಳುವುದು ಅಭಿಪ್ರಾಯವನ್ನು. ಬ್ಯಾಂಕಿನ ಖಾತೆಯ ಗುಟ್ಟನ್ನೋ ಗುಪ್ತಸಂಖ್ಯೆಯನ್ನೋ ಕೇಳಿದರೆ ಬಂದವನು ಸಮೀಕ್ಷೆಯವನಲ್ಲವೆಂದು ತಿಳಿದು ಬಾಗಿಲು ಹಾಕಬೇಕು.

ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ನಮ್ಮ ಹಿರಿಯರು ಹೇಳಿದರು. ಹಾಸಿಗೆಯ ಉದ್ದವನ್ನು ಅಳೆಯುವುದು ಅವರವರ ಮನೆಯ ಕೆಲಸ. ನಾಡಿನ ಭರವಸೆಯ ಅಂಕವು ಚಳಿ ಹೆಚ್ಚಾಗುತ್ತಿದೆಯೋ ಕಡಮೆಯಾಗುತ್ತಿದೆಯೋ ಎಂಬುದನ್ನು ಮಾತ್ರ ಹೇಳಬಲ್ಲದು. ಅಷ್ಟನ್ನು ಅದರಿಂದ ತಿಳಿದುಕೊಂಡು, ಆರು ತಿಂಗಳ ಖರ್ಚಿಗಾಗುವಷ್ಟು ಹಣವನ್ನು ಕೈಯಳತೆಯಲ್ಲಿಟ್ಟುಕೊಂಡು, ಮಿಕ್ಕುದನ್ನು ಧೈರ್ಯದಿಂದ ಬಳಸುವ ಸಂಸಾರಗಳು ಹೆಚ್ಚಿದರೆ ಊರಿನ ಪೇಟೆಯೂ ಬೆಳಗುವುದು, ಕೆಟ್ಟ ಕಾಲ ಬಂದಾಗ ಮನೆಯ ದೀಪವೂ ಆರದು.